ಬಾಡಿಗೆ ಬೂಟು, ಅಫರ್ವತ್ ಚಳಿ: ಕಾಲ್ಬೆರಳು ಬೆಚ್ಚಗಿಡುವ ಸಾಮಾನುಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು?

ಕಾಶ್ಮೀರದ ಸ್ಕೀ ತಾಣ ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಅಲ್ಲಿನ ಕೇಬಲ್ ಕಾರ್, ಅಂದರೆ ಗೊಂಡೋಲಾದ ಎರಡನೇ ಹಂತ ನಿಮ್ಮನ್ನು ಅಫರ್ವತ್ ಬೆಟ್ಟದ ಮೇಲೆ, 3,950 ಮೀಟರ್ ಆಸುಪಾಸಿನಲ್ಲಿ ಇಳಿಸುತ್ತದೆ. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿ ಇಳಿಯುತ್ತದೆ ಎಂದು ಲೆಕ್ಕ ಹಾಕಿ: ಕೆಳಗೆ ಮೈನಸ್ 6 ಇದ್ದ ದಿನ ಮೇಲೆ ಮೈನಸ್ 14ಕ್ಕೂ ಕೆಳಗೆ, ಗಾಳಿ ಬೇರೆ. ಡಿಸೆಂಬರ್ 21ರಿಂದ ಶುರುವಾಗುವ ನಲವತ್ತು ದಿನಗಳ ಕಡುಚಳಿಯ ಕಾಲವಾದ ಚಿಲ್ಲೈ ಕಲಾನ್‌ನಲ್ಲಿ ಹೋದವರಿಗೆ ಇದು ದಿನನಿತ್ಯದ ಮಾತು. ಮೈಗೆ ಜಾಕೆಟ್ ಇದೆ, ಕೈಗೆ ದಪ್ಪ ಗ್ಲೌಸ್ ಇದೆ, ಮೊದಲು ಕೈಕೊಡುವುದು ಕಾಲ್ಬೆರಳು.

ಬೆಂಗಳೂರು, ಮೈಸೂರು, ಮಂಗಳೂರಿನಿಂದ ಹೋಗುವವರಲ್ಲಿ ಹೆಚ್ಚಿನವರು ಸ್ಕೀ, ಬೂಟು ಎರಡನ್ನೂ ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ಈ ವಿಮರ್ಶೆ ಅವರಿಗಾಗಿ. ಸ್ವಂತ ಬೂಟು ಇರುವವರಿಗೆ ಉತ್ತರವೇ ಬೇರೆ, ಅದು ಮುಂದೆ ಬರುತ್ತದೆ.

ಮೊದಲು ಒಂದು ವಿಷಯ ಖಡಾಖಂಡಿತವಾಗಿ ಹೇಳಬೇಕು. ಬೂಟು ಸರಿಯಿಲ್ಲದಿದ್ದರೆ ಕೆಳಗೆ ಹೇಳುವ ಯಾವ ಸಾಮಾನೂ ಕೆಲಸಕ್ಕೆ ಬರುವುದಿಲ್ಲ. ಬೆರಳಿಗೆ ಬಿಸಿ ತರುವುದು ರಕ್ತ. ಮೇಲ್ಪಾದದ ನಡುವೆ, ಹೆಬ್ಬೆರಳಿನ ನೇರಕ್ಕೆ ಎರಡು ಬೆರಳಿಟ್ಟು ಹಗುರವಾಗಿ ಒತ್ತಿ ನೋಡಿ, ನಾಡಿ ಮಿಡಿಯುವುದು ಸಿಗುತ್ತದೆ. ಸ್ಕೀ ಬೂಟಿನ ನಡುವಿನ ಬಕಲ್ ಬಿಗಿಯುವುದು ಸರಿಯಾಗಿ ಅದರ ಮೇಲೆಯೇ. ಬಾಡಿಗೆ ಅಂಗಡಿಯಲ್ಲಿ "ಕಂಫರ್ಟ್" ಎಂದು ಒಂದು ಸೈಜ್ ದೊಡ್ಡದು ಕೊಡುತ್ತಾರೆ. ಹಾಕಿಕೊಂಡಾಗ ಹಾಯಾಗಿಯೇ ಇರುತ್ತದೆ. ಇಳಿಜಾರಿಗೆ ಹೋದಮೇಲೆ ಹಿಮ್ಮಡಿ ಮೇಲೇಳುತ್ತದೆ, ಕಾಲು ಒಳಗೆ ಅಲುಗಾಡುತ್ತದೆ, ಬಕಲ್ಲನ್ನು ಇನ್ನೊಂದು ಹಲ್ಲು, ಮತ್ತೊಂದು ಹಲ್ಲು ಎಂದು ಬಿಗಿಯುತ್ತಾ ಹೋಗುತ್ತೀರಿ. ನಾಡಿ ಒತ್ತಿಹೋಗುತ್ತದೆ, ಇಪ್ಪತ್ತು ನಿಮಿಷದಲ್ಲಿ ಬೆರಳು ಮರಗಟ್ಟುತ್ತದೆ. ದೊಡ್ಡ ಬೂಟಿನಲ್ಲಿ ಕಾಲು ತಣ್ಣಗಾಗುವ ಗುಟ್ಟು ಇಷ್ಟೇ.

ಅಂಗಡಿಯಲ್ಲಿ ಲೈನರ್, ಅಂದರೆ ಬೂಟಿನ ಒಳಗಿನ ಮೆತ್ತನೆಯ ಪದರ, ಹೊರಗೆ ಎಳೆಸಿ. ಬರೀ ಪ್ಲಾಸ್ಟಿಕ್ ಚಿಪ್ಪಿನೊಳಗೆ ಕಾಲಿಟ್ಟು ಬೆರಳ ತುದಿಯನ್ನು ಮುಂದಕ್ಕೆ ತಾಗಿಸಿ, ಹಿಮ್ಮಡಿಯ ಹಿಂದೆ ಉಳಿಯುವ ಜಾಗ ನೋಡಿ. ಒಂದೂವರೆಯಿಂದ ಎರಡು ಸೆಂಟಿಮೀಟರ್ ಇದ್ದರೆ ಸರಿ. ಮೂರು ಬೆರಳು ಅಡ್ಡಕ್ಕೆ ಹೊಕ್ಕರೆ ಆ ಬೂಟು ಬೇಡ. ಸೈಜನ್ನು ಮಾಂಡೊಪಾಯಿಂಟ್ ಎಂಬ ಅಳತೆಯಲ್ಲಿ ಬರೆದಿರುತ್ತಾರೆ, ಅಂದರೆ ಪಾದದ ಉದ್ದ ಸೆಂಟಿಮೀಟರಿನಲ್ಲಿ. ಮನೆಯಲ್ಲೇ ಗೋಡೆಗೆ ಹಿಮ್ಮಡಿ ತಾಗಿಸಿ ಅಳೆದುಕೊಂಡು ಹೋಗಿ. 26 ಮತ್ತು 26.5ಕ್ಕೆ ಸಾಮಾನ್ಯವಾಗಿ ಚಿಪ್ಪು ಒಂದೇ, ಹಾಗಾಗಿ ಅರ್ಧ ಸೈಜಿಗಾಗಿ ಜಗಳವಾಡಬೇಕಿಲ್ಲ. ಜಗಳವಾಡಬೇಕಾದದ್ದು ಅಗಲಕ್ಕೆ. ಚಿಕ್ಕಂದಿನಿಂದ ಚಪ್ಪಲಿಯಲ್ಲಿ, ಬರಿಗಾಲಲ್ಲಿ ಓಡಾಡಿದ ಪಾದ ಮುಂದೆ ಅಗಲವಾಗಿ ಹರಡಿಕೊಂಡಿರುತ್ತದೆ. ಬೂಟಿನ ಲಾಸ್ಟ್, ಅಂದರೆ ಮುಂಗಾಲಿನ ಅಗಲ, 98 ಮಿಲಿಮೀಟರ್ ಇದ್ದರೆ ಕಿರಿದು, 100 ಸಾಧಾರಣ, 102ರಿಂದ 104 ಅಗಲ. ಕಿರುಬೆರಳ ಬುಡ ಒತ್ತುತ್ತಿದ್ದರೆ ಉದ್ದ ಹೆಚ್ಚಿಸಬೇಡಿ, ಅಗಲದ ಮಾದರಿ ಕೇಳಿ.

ಕೊಡುವ ಬೂಟು ಒಣಗಿದೆಯೋ ಇಲ್ಲವೋ ಎಂಬುದನ್ನೂ ಅಲ್ಲೇ ನೋಡಿ. ಒಂದು ಟಿಶ್ಯೂ ಮಡಚಿ ಲೈನರಿನ ಬೆರಳ ತುದಿಯವರೆಗೆ ತೂರಿಸಿ, ಹತ್ತು ಸೆಕೆಂಡ್ ಒತ್ತಿ ಹಿಡಿದು ಹೊರತೆಗೆಯಿರಿ. ಟಿಶ್ಯೂ ಮೆತ್ತಗಾಗಿದ್ದರೆ ನಿನ್ನೆ ಹಾಕಿದವರ ಬೆವರು ಇನ್ನೂ ಒಳಗಿದೆ. ಬೇರೆ ಜೊತೆ ಕೇಳಿ.

ಕಾಲುಚೀಲದ ವಿಷಯ ಚಿಕ್ಕದು. ಒಂದೇ ಜೊತೆ, ತೆಳ್ಳಗಿನದು, ಮೊಣಕಾಲ ಕೆಳಗಿನವರೆಗೆ ಬರುವ ಮೆರಿನೋ ಉಣ್ಣೆಯದು. ಸ್ಮಾರ್ಟ್‌ವೂಲ್, ಡಾರ್ನ್ ಟಫ್ ಎರಡೂ ಒಳ್ಳೆಯವು. ಹತ್ತಿ ಬೇಡವೇ ಬೇಡ, ಬೆವರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಎರಡು ಜೊತೆ ಹಾಕಿದರೆ ಇನ್ನೂ ಬೆಚ್ಚಗೆ ಎನ್ನುವುದು ತಪ್ಪು: ಒಳಗಿನ ಗಾಳಿಯ ಪದರ ಹಿಂಡಿಹೋಗುತ್ತದೆ, ಕಾಲು ಬಿಗಿಯಾಗುತ್ತದೆ, ಎರಡು ಚೀಲದ ನಡುವಿನ ಸುಕ್ಕು ಬೊಬ್ಬೆ ಎಬ್ಬಿಸುತ್ತದೆ. ಥರ್ಮಲ್ ಪ್ಯಾಂಟಿನ ಅಂಚನ್ನು ಬೂಟಿನೊಳಗೆ ತುರುಕಬೇಡಿ, ಬೂಟಿನ ಬಾಯಿಯ ಮೇಲೆಯೇ ನಿಲ್ಲಿಸಿ.

ಇನ್ನು ಸಾಮಾನುಗಳು.

ಹಾಕಿದ ದುಡ್ಡಿಗೆ ಅತಿ ಹೆಚ್ಚು ಕೊಡುವುದು ಬೂಟಿಗೆ ಹೊರಗಿನಿಂದ ತೊಡಿಸುವ ಗವುಸು. ಡ್ರೈಗೈ ಕಂಪನಿಯ ಬೂಟ್‌ಗ್ಲೋವ್ ಇದರಲ್ಲಿ ಹೆಸರಾದದ್ದು. ಡೈವಿಂಗ್ ಮಾಡುವವರ ಉಡುಪಿನ ಬಟ್ಟೆಯಾದ ನಿಯೋಪ್ರೀನ್‌ನಿಂದ ಮಾಡಿದ್ದು, ಅಮೆರಿಕದಲ್ಲಿ 50 ಡಾಲರ್ ಆಸುಪಾಸು. ಬ್ಯಾಟರಿ ಇಲ್ಲ, ಚಾರ್ಜ್ ಇಲ್ಲ, ಬೂಟಿನೊಳಗೆ ಕೂದಲೆಳೆಯಷ್ಟು ಜಾಗವನ್ನೂ ತಿನ್ನುವುದಿಲ್ಲ. ಪ್ಲಾಸ್ಟಿಕ್ ಚಿಪ್ಪಿಗೆ ನೇರ ಗಾಳಿ ಹೊಡೆಯುವುದನ್ನು ತಡೆಯುತ್ತದೆ, ಬಕಲ್ ಸಂದಿಗಳಲ್ಲಿ ಹಿಮ ನುಗ್ಗಿ ಕರಗುವುದನ್ನೂ ತಡೆಯುತ್ತದೆ. ಕಾಲು ತಾನು ಹುಟ್ಟಿಸಿದ ಬಿಸಿಯನ್ನೇ ಉಳಿಸಿಕೊಳ್ಳುತ್ತದೆ, ಆದ್ದರಿಂದ ಬೂಟು ಹಾಕಿದ ಕೂಡಲೇ ಕಾಲು ಬಿಸಿಯಿರುವಾಗಲೇ ತೊಡಿಸಬೇಕು. ತಣ್ಣಗಾದ ಕಾಲಿನ ಮೇಲೆ ತೊಡಿಸಿದರೆ ಹೆಚ್ಚೇನೂ ಸಿಗದು.

ಕೊರತೆಗಳೂ ಇವೆ. ಸೈಜನ್ನು ಬೂಟಿನ ತಳದ ಉದ್ದಕ್ಕೆ ಹೊಂದಿಸಿ ಕೊಳ್ಳಬೇಕು. ಆ ಸಂಖ್ಯೆ ಹಿಮ್ಮಡಿಯ ಪಕ್ಕದಲ್ಲಿ ಮಿಲಿಮೀಟರಿನಲ್ಲಿ, 305 ಅಥವಾ 315 ಎಂಬಂತೆ, ಅಚ್ಚಾಗಿರುತ್ತದೆ. ಬಾಡಿಗೆ ಬೂಟು ಪ್ರತಿಸಲ ಬೇರೆಯಾಗುವುದರಿಂದ ಎರಡು ಸೈಜಿನ ಗಡಿಯಲ್ಲಿದ್ದರೆ ದೊಡ್ಡದು ವಾಸಿ. ಬಕಲ್ ಸಡಿಲಿಸಬೇಕೆಂದರೆ ಪ್ರತಿಸಲ ವೆಲ್ಕ್ರೋ ಬಿಚ್ಚಬೇಕು. ಹಾಕಿಕೊಂಡು ಸಿಮೆಂಟು ನೆಲದ ಮೇಲೆ, ಕಲ್ಲಿನ ಮೇಲೆ ಓಡಾಡಿದರೆ ಅಡಿಯ ಪಟ್ಟಿ ಸವೆದು ಹರಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಬೈಂಡಿಂಗ್. ಬೂಟಿನ ಮುಂದಿನ ತುಟಿ ಬೈಂಡಿಂಗಿಗೆ ಕಚ್ಚುವ ಜಾಗದಲ್ಲಿ ಬಟ್ಟೆಯ ಅಂಚು ಸಿಕ್ಕಿಕೊಂಡಿಲ್ಲವೆಂದು ಪ್ರತಿಸಲ ಬಗ್ಗಿ ನೋಡಲೇಬೇಕು. ಬಟ್ಟೆ ನಡುವೆ ಸಿಕ್ಕಿದ್ದರೆ ಬಿದ್ದಾಗ ಸ್ಕೀ ಸರಿಯಾಗಿ ಕಳಚಿಕೊಳ್ಳದೆ ಮೊಣಕಾಲು ತಿರುಚಬಹುದು.

ಎರಡನೆಯದು ಬ್ಯಾಟರಿ ಕಾಲುಚೀಲ. ನಿಜವಾಗಿ ಬಿಸಿ ಹುಟ್ಟಿಸುವವುಗಳಲ್ಲಿ ಬಾಡಿಗೆ ಬೂಟಿನವರಿಗೆ ಇದೇ ಉತ್ತಮ, ಏಕೆಂದರೆ ಬೂಟು ಬದಲಾದರೂ ಚೀಲ ನಿಮ್ಮ ಜೊತೆಗೇ ಬರುತ್ತದೆ. ಥರ್ಮಿಕ್ ಮತ್ತು ಆಸ್ಟ್ರಿಯಾದ ಲೆಂಜ್ ಎರಡೂ ಹಳೆಯ ಕೈಗಳು. ಲೆಂಜ್‌ನ ಟೋ ಕ್ಯಾಪ್ ಮಾದರಿಯಲ್ಲಿ ತಂತಿ ಬೆರಳುಗಳ ಮೇಲೂ ಕೆಳಗೂ ಸುತ್ತಿಕೊಂಡಿರುತ್ತದೆ. ಅಡಿಪಾದಕ್ಕೆ ಮಾತ್ರ ಬಿಸಿ ಕೊಡುವವಕ್ಕಿಂತ ಇದು ಒಂದು ಕೈ ಮೇಲು. ಮೊದಲು ತಣ್ಣಗಾಗುವುದು ಬೆರಳ ತುದಿ ತಾನೇ. ಚೀಲ, ಬ್ಯಾಟರಿ ಸೇರಿ ಬೆಲೆ 300 ಯೂರೋ ಸುತ್ತಮುತ್ತ. ವರ್ಷಕ್ಕೊಮ್ಮೆ ಮೂರು ದಿನ ಹೋಗುವವರಿಗೆ ಇದು ದುಂದು ಎಂದೇ ಹೇಳಬೇಕು. ಎರಡು ವಾರದ ಕೋರ್ಸ್ ಮಾಡುವವರಿಗೆ, ಕೆನಡಾದಲ್ಲೋ ನಾರ್ವೆಯಲ್ಲೋ ನೆಲೆಸಿ ಪ್ರತಿ ವಾರಾಂತ್ಯ ಸ್ಕೀ ಮಾಡುವ ನಮ್ಮವರಿಗೆ ಕಣ್ಣುಮುಚ್ಚಿ ಹೇಳಬಹುದು.

ಜಾಹೀರಾತಿನಲ್ಲಿ ಬರೆಯುವ ಗಂಟೆಗಳನ್ನು ನಂಬುವ ಮೊದಲು ಲೆಕ್ಕ ಹಾಕಿ. 3.7 ವೋಲ್ಟ್, 1,200 ಎಂಎಎಚ್ ಪ್ಯಾಕಿನಲ್ಲಿರುವುದು 4.4 ವ್ಯಾಟ್-ಅವರ್. ಕಾಲಿಗೆ ಒಂದು ವ್ಯಾಟ್‌ನಂತೆ ಖರ್ಚಾದರೆ ನಾಲ್ಕು ಗಂಟೆ ಚಿಲ್ಲರೆ ಬರುತ್ತದೆ. ಹತ್ತು ಹನ್ನೆರಡು ಗಂಟೆ ಎಂದು ಬರೆದಿದ್ದರೆ ಅದು ಅತಿ ಕೆಳಗಿನ ಮಟ್ಟದ ಮಾತು. ದಿನಪೂರ್ತಿ ಬಳಸುವವರು 1,800 ಎಂಎಎಚ್ ಪ್ಯಾಕ್ ತೆಗೆದುಕೊಳ್ಳಲಿ.

ಬಳಸುವ ರೀತಿಯಲ್ಲೇ ಹೆಚ್ಚಿನವರು ಎಡವುತ್ತಾರೆ. ಬೆರಳು ಮರಗಟ್ಟಿದ ಮೇಲೆ ಪೂರ್ತಿ ಹಾಕುತ್ತಾರೆ. ಆಗ ರಕ್ತನಾಳ ಕುಗ್ಗಿರುತ್ತದೆ, ಒಂದು ವ್ಯಾಟ್‌ನಿಂದ ಅದನ್ನು ತೆರೆಸುವುದು ಕಷ್ಟ. ಕೋಣೆಯಿಂದ ಹೊರಡುವಾಗಲೇ ಕೆಳಗಿನ ಮಟ್ಟದಲ್ಲಿ ಶುರು ಮಾಡಿ. ಗೊಂಡೋಲಾ ಸಾಲಿನಲ್ಲಿ ನಿಂತಾಗ, ಗೊಂಡೋಲಾದ ಮೊದಲ ಹಂತ ಮುಗಿಯುವ ಕೊಂಗ್‌ಡೂರಿಯ ಚೇರ್‌ಲಿಫ್ಟ್‌ನಲ್ಲಿ ಕಾಲು ಇಳಿಬಿಟ್ಟು ಕೂತಾಗ ಒಂದು ಮಟ್ಟ ಏರಿಸಿ. ಇಳಿಯುವಾಗ ಮತ್ತೆ ಕಡಿಮೆ ಮಾಡಿ. ಇಡೀ ದಿನ ಮೇಲಿನ ಮಟ್ಟದಲ್ಲಿಟ್ಟರೆ ಕಾಲು ಬೆವರುತ್ತದೆ, ಬ್ಯಾಟರಿ ಮುಗಿದ ಗಳಿಗೆಯಿಂದ ಆ ಒದ್ದೆಯೇ ಕಾಲನ್ನು ಕೊರೆಯುತ್ತದೆ.

ಬ್ಯಾಟರಿಯು ಕಾಲುಚೀಲದ ಮೇಲಂಚಿನಲ್ಲಿ ಗುಂಡಿಯಿಂದ ಅಂಟಿಕೊಳ್ಳುತ್ತದೆ. ಅದು ಬೂಟಿನ ಬಾಯಿಗಿಂತ ಮೇಲೆ, ಮೀನಖಂಡದ ಹೊರಬದಿಗೆ ಬರಬೇಕು. ಬೂಟಿನ ಅಂಚಿನ ಒಳಗೆ ಸಿಕ್ಕಿದರೆ ಮಧ್ಯಾಹ್ನದೊಳಗೆ ಅಲ್ಲಿ ಕಂದಿರುತ್ತದೆ. ಪ್ಯಾಂಟಿನ ಒಳಗೆ ಮೈಗೆ ಹತ್ತಿರ ಇರುವುದರಿಂದ ಬ್ಯಾಟರಿ ಬೆಚ್ಚಗಿರುತ್ತದೆ ಎನ್ನುವುದು ದೊಡ್ಡ ಅನುಕೂಲ, ಚಳಿಗೆ ಲಿಥಿಯಂ ಬೇಗ ಸೋಲುತ್ತದೆ. ಚೀಲ ಹಾಕುವಾಗ ಬ್ಯಾಟರಿಯ ಪಟ್ಟಿ ಹಿಡಿದು ಎಳೆಯಬೇಡಿ; ಇಡೀ ಚೀಲವನ್ನು ಸುರುಳಿ ಮಾಡಿಕೊಂಡು ಬೆರಳಿನಿಂದ ಮೇಲಕ್ಕೆ ಬಿಡಿಸುತ್ತಾ ಬನ್ನಿ. ತಂತಿ ಕಡಿಯುವುದು ಕಣಕಾಲು ಬಾಗುವ ಜಾಗದಲ್ಲಿ. ಒಂದು ಕಾಲು ಮಾತ್ರ ಬಿಸಿಯಾಗದಿದ್ದರೆ ಮೊದಲು ಗುಂಡಿಗಳನ್ನು ಒಣ ಬಟ್ಟೆಯಿಂದ ಒರೆಸಿ, ಪ್ಯಾಕುಗಳನ್ನು ಅದಲುಬದಲು ಮಾಡಿ ನೋಡಿ. ದೋಷ ಚೀಲದ್ದೋ ಬ್ಯಾಟರಿಯದ್ದೋ ಗೊತ್ತಾಗುತ್ತದೆ. ವಿಮಾನದಲ್ಲಿ ಬಿಡಿ ಬ್ಯಾಟರಿಗಳು ಚೆಕ್-ಇನ್ ಚೀಲದಲ್ಲಿ ಹೋಗುವಂತಿಲ್ಲ, ಕೈಚೀಲದಲ್ಲಿಡಿ. 100 ವ್ಯಾಟ್-ಅವರ್ ಮಿತಿಗೆ ಇವು ಹತ್ತಿರವೂ ಬರುವುದಿಲ್ಲ.

ಸ್ವಂತ ಬೂಟು ಇದ್ದರೆ ಮಾತ್ರ ಹಾಟ್ರಾನಿಕ್‌ನಂಥ ಬಿಸಿ ಇನ್‌ಸೋಲ್ ನೋಡಿ. ಬಿಸಿ ತಟ್ಟೆಯನ್ನು ಇನ್‌ಸೋಲಿಗೆ ಅಂಟಿಸಿ, ತಂತಿಯನ್ನು ಹಿಮ್ಮಡಿಯ ಹಿಂದಿನಿಂದ ಮೇಲಕ್ಕೆ ತಂದು, ಬ್ಯಾಟರಿಯನ್ನು ಬೂಟಿನ ಹೊರಗೆ ಸಿಕ್ಕಿಸುವ ವ್ಯವಸ್ಥೆ. ಇಷ್ಟವಾದ ಮಾಮೂಲಿ ಕಾಲುಚೀಲ ಹಾಕಬಹುದು, ದಿನಾ ತೊಳೆಯಬಹುದು. ಅಳವಡಿಸುವುದು ಬೂಟ್ ಫಿಟ್ಟರ್ ಕೆಲಸ; ತಂತಿಯ ದಾರಿ ತಪ್ಪಿದರೆ ಹಿಮ್ಮಡಿಗೆ ಚುಚ್ಚುತ್ತಲೇ ಇರುತ್ತದೆ. ಬಾಡಿಗೆ ಬೂಟಿನಲ್ಲಿ ಇದನ್ನು ಕೂರಿಸುವ ಯೋಚನೆ ಬಿಡಿ.

ಇನ್ನು ಹಾಟ್‌ಹ್ಯಾಂಡ್ಸ್‌ನಂಥ ಅಂಟಿಸುವ ಶಾಖದ ಪೊಟ್ಟಣ. ಒಳಗಿರುವುದು ಕಬ್ಬಿಣದ ಪುಡಿ, ಉಪ್ಪು, ನೀರು, ಇದ್ದಿಲು, ವರ್ಮಿಕ್ಯುಲೈಟ್. ಗಾಳಿ ತಾಗಿ ಕಬ್ಬಿಣ ತುಕ್ಕು ಹಿಡಿಯುವಾಗ ಬಿಸಿ ಹುಟ್ಟುತ್ತದೆ. ಬಿಗಿದ ಸ್ಕೀ ಬೂಟಿನೊಳಗೆ ಗಾಳಿಯೇ ಇಲ್ಲದಿದ್ದರೆ ತುಕ್ಕು ಹಿಡಿಯುವುದೆಲ್ಲಿಂದ? ಎಂಟು ಗಂಟೆ ಎಂದು ಬರೆದಿರುವ ಪೊಟ್ಟಣ ಅರ್ಧಕ್ಕೇ ಮಂಕಾಗಲು ಇದೇ ಕಾರಣ. ಬೂಟಿಗೆ ಹಾಕುವುದಾದರೆ ಕಾಲಿಗೆಂದೇ ಮಾಡಿದ್ದನ್ನೇ ಕೊಳ್ಳಿ, ಅದು ಕಡಿಮೆ ಗಾಳಿಗೆ ಹೊಂದುವಂತೆ ಮಾಡಿದ್ದು. ಕಾಲುಚೀಲದ ಹೊರಗೆ, ಬೆರಳುಗಳ ಮೇಲ್ಭಾಗಕ್ಕೆ ಅಂಟಿಸಿ. ಅಡಿಗೆ ಹಾಕಿದರೆ ಮೈಭಾರಕ್ಕೆ ಗಟ್ಟಿಯಾಗಿ ಗಂಟಿನಂತೆ ಒತ್ತುತ್ತದೆ. ಬರಿ ಚರ್ಮಕ್ಕೆ ಎಂದೂ ಬೇಡ. ಬೂಟು ಮೊದಲೇ ಬಿಗಿಯಿದ್ದರೆ ಪೊಟ್ಟಣ ಇನ್ನಷ್ಟು ಹಿಂಡಿ ಅನುಕೂಲಕ್ಕಿಂತ ಕೆಡುಕೇ ಹೆಚ್ಚು. ಉಳಿದರೆ ಗಾಳಿಯಾಡದ ಜಿಪ್ ಚೀಲದಲ್ಲಿ ಹಾಕಿ ಮುಚ್ಚಿ, ಬಿಸಿ ನಿಂತು ಮರುದಿನಕ್ಕೆ ಸ್ವಲ್ಪ ಉಳಿಯುತ್ತದೆ. ಜೇಬಿನಲ್ಲಿ ಎರಡು ಜೊತೆ ಆಪತ್ತಿಗೆ ಇರಲಿ. ದಿನದ ನೆಚ್ಚಿಕೆಗೆ ಇದು ಸಾಲದು.

ಸಂಜೆಯ ಕೆಲಸವನ್ನು ಯಾವ ಸಾಮಾನೂ ಮಾಡಿಕೊಡುವುದಿಲ್ಲ. ಬೂಟನ್ನು ಬಾಡಿಗೆ ಅಂಗಡಿಯಲ್ಲೋ ಹೋಟೆಲಿನ ಹೊರ ಜಗಲಿಯಲ್ಲೋ ಬಿಡಬೇಡಿ, ಕೋಣೆಗೆ ತನ್ನಿ. ಲೈನರ್ ಕಳಚಿ, ಇನ್‌ಸೋಲ್ ತೆಗೆದು, ಒಳಗೆ ಸುದ್ದಿಪತ್ರಿಕೆ ತುರುಕಿ, ಮಲಗುವ ಮೊದಲು ಒಮ್ಮೆ ಬದಲಿಸಿ. ಕೋಣೆ ಬೆಚ್ಚಗಿಡುವ ಒಲೆಯಾದ ಬುಖಾರಿಯಿಂದ ಒಂದು ಮೀಟರ್ ದೂರ ಇಡಿ. ಹತ್ತಿರ ಇಟ್ಟರೆ ಲೈನರಿನ ಫೋಮ್ ಕುಗ್ಗಿ ಆಕಾರ ಕೆಡುತ್ತದೆ, ಬೂಟಿನ ದಂಡ ನೀವೇ ಕಟ್ಟಬೇಕಾಗುತ್ತದೆ. ಅಮೆರಿಕದಿಂದ ತರಿಸಿದ ಬೂಟ್ ಡ್ರೈಯರ್ ಇದ್ದರೆ ಅದರ ಮೇಲೆ 120 ವೋಲ್ಟ್ ಎಂದಷ್ಟೇ ಬರೆದಿದೆಯೇ ನೋಡಿ. ನಮ್ಮ 230 ವೋಲ್ಟಿಗೆ ಚುಚ್ಚಿದರೆ ಸುಟ್ಟುಹೋಗುತ್ತದೆ.

ಗೊಂಡೋಲಾ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗಬಹುದು. ಆಗ ಎಲ್ಲ ಬಕಲ್ ಬಿಚ್ಚಿ, ಹಿಮದ ಮೇಲೆ ಬರೀ ಬೂಟಿನಲ್ಲಿ ನಿಲ್ಲುವ ಬದಲು ಫೋಮ್ ಮ್ಯಾಟ್‌ನ ತುಂಡೊಂದರ ಮೇಲೆ ನಿಲ್ಲಿ. ಅದನ್ನು ಮಡಚಿ ಬೆನ್ನುಚೀಲದಲ್ಲಿಡಬಹುದು, ಖರ್ಚು ನೂರು ರೂಪಾಯಿಯೂ ಇಲ್ಲ. ಬೆರಳು ಜೋಮು ಹಿಡಿಯುತ್ತಿದೆ ಎನಿಸಿದರೆ ಬಕಲ್ ಸಡಿಲಿಸಿ, ಕೋಲುಗಳ ಮೇಲೆ ಆತು ಒಂದೊಂದು ಕಾಲನ್ನೂ ಗಂಟೆಯ ನಾಲಗೆಯಂತೆ ಮುಂದೆ ಹಿಂದೆ ಮೂವತ್ತು ನಲವತ್ತು ಸಲ ಬೀಸಿ. ರಕ್ತ ಬೆರಳಿಗೆ ನುಗ್ಗುವುದು ಸುರುಸುರು ಎಂದು ಗೊತ್ತಾಗುತ್ತದೆ. ಆದರೂ ಬರದೆ, ಬೆರಳು ಮೇಣದಂತೆ ಬಿಳಿಚಿಕೊಂಡಿದ್ದರೆ ಅಂದಿನ ಸ್ಕೀ ಅಲ್ಲಿಗೆ ನಿಲ್ಲಿಸಿ ಒಳಗೆ ಹೋಗಿ, ಡಾಕ್ಟರಿಗೆ ತೋರಿಸಿ. ಹಿಮದಿಂದ ಉಜ್ಜಬೇಡಿ. ಬುಖಾರಿಗೂ ಕಾಂಗ್ರಿಗೂ (ಕಾಶ್ಮೀರಿಗಳ ಕೆಂಡದ ಮಡಕೆ) ಒಡ್ಡಬೇಡಿ, ಸ್ಪರ್ಶ ಸತ್ತ ಕಾಲಿಗೆ ಸುಡುವುದೂ ಗೊತ್ತಾಗುವುದಿಲ್ಲ. ಅದೇ ಕಾರಣಕ್ಕೆ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಬ್ಯಾಟರಿ ಚೀಲವನ್ನೂ ಶಾಖದ ಪೊಟ್ಟಣವನ್ನೂ ವೈದ್ಯರನ್ನು ಕೇಳದೆ ಬಳಸಬಾರದು.

ಮೂರು ದಿನಕ್ಕೆ ಹೋಗುವವರು ಬದಲಿಸಿ ಹಾಕಿಕೊಳ್ಳಲು ಮೆರಿನೋ ಕಾಲುಚೀಲ ಎರಡು ಜೊತೆ, ಬೂಟಿನ ಗವುಸು, ನಾಲ್ಕು ಶಾಖದ ಪೊಟ್ಟಣ ಇಷ್ಟಕ್ಕೆ ನಿಲ್ಲಿಸಲಿ. ಬ್ಯಾಟರಿ ಚೀಲ ಕೊಂಡವರು ಊರಿಗೆ ಬಂದಮೇಲೆ ಪ್ಯಾಕ್ ಕಳಚಿ, ಚೀಲವನ್ನು ಲೇಬಲ್ಲಿನಲ್ಲಿ ಹೇಳಿದಂತೆ ತೊಳೆದು, ಹಿಂಡದೆ ನೆರಳಲ್ಲಿ ಒಣಗಿಸಲಿ. ಪ್ಯಾಕನ್ನು ಪೂರ್ತಿ ಖಾಲಿಯಾಗಿ ಇಡಬೇಡಿ. ಅರ್ಧ ಚಾರ್ಜ್ ಮಾಡಿ ಏಪ್ರಿಲ್ ಬಿಸಿಲು ತಾಗದ ಕಪಾಟಿನಲ್ಲಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ.