ಎಣ್ಣೆ-ನೀರಿನ ಮೀಟರ್: ಎರಡೂವರೆ ವರ್ಷ ಬಳಸಿದ ಮೇಲೆ

ಮಾಗಡಿ ರಸ್ತೆ ಕಡೆ ನಮ್ಮದೊಂದು ಪೆಟ್ರೋಲ್ ಬಂಕ್ ಇದೆ, ಅಪ್ಪನ ಕಾಲದ್ದು. 2022ರಲ್ಲಿ ಬೆಳಿಗ್ಗೆ ನೆಲದಡಿಯ ಟ್ಯಾಂಕಿಗೆ ಡಿಪ್ ರಾಡ್ (ಪೆಟ್ರೋಲ್ ಮಟ್ಟ ಅಳೆಯುವ ಕೋಲು) ಇಳಿಸಿದಾಗೆಲ್ಲ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಬರುತ್ತಿತ್ತು. ಬಿಸಿಲಿಗೆ ಆವಿಯಾಗಿರಬೇಕು ಅಂತ ತಿಂಗಳುಗಟ್ಟಲೆ ಸುಮ್ನಿದ್ದೆವು. ಬಂಕಿನ ಹಿಂದಿರುವ ಮನೆಯ ಅಜ್ಜಿ ಬಂದು, "ಬಾವಿ ನೀರು ಪೆಟ್ರೋಲ್ ವಾಸನೆ ಹೊಡೀತಿದೆ ಕಣಪ್ಪಾ" ಎಂದ ಮೇಲೆ ನೆಲ ಅಗೆಸಿದೆವು. ಪೈಪಿನ ಒಂದು ಜಾಯಿಂಟ್ ಸೋರುತ್ತಿತ್ತು.

ಪೈಪ್ ಬದಲಾಯಿಸಿದ್ದಾಯಿತು. ಆದರೆ ಅಷ್ಟರಲ್ಲಿ ನೆಲಕ್ಕಿಳಿದ ಪೆಟ್ರೋಲ್? ಅದನ್ನು ನೋಡಲೆಂದೇ ಬಂಕಿನ ಸುತ್ತ ನಾಲ್ಕು ಸಣ್ಣ ಬೋರ್ ಹಾಕಿಸಿದೆವು. 2023ರ ಶುರುವಿನಲ್ಲಿ, ಬೋರ್ ನೀರಿನ ಮೇಲೆ ಪೆಟ್ರೋಲ್ ಎಷ್ಟು ದಪ್ಪ ತೇಲುತ್ತಿದೆ ಎಂದು ಅಳೆಯುವ ಈ ಮೀಟರ್ ಕೊಂಡೆ. ಒಂದೂವರೆ ಲಕ್ಷ ದಾಟಿತು. ನಮ್ಮಂಥ ಬಂಕಿಗೆ ಅದು ದೊಡ್ಡ ಮೊತ್ತ.

ತಿಂಗಳಿಗೊಂದು ಭಾನುವಾರ, ಗಾಡಿಗಳು ಬರುವ ಮುಂಚೆ ಅಳತೆ ಮಾಡುತ್ತೇನೆ. ಮೊದಲು ಶುದ್ಧವಾಗಿರುವ ಬೋರ್, ಕೊನೆಗೆ ಹೆಚ್ಚು ಕೆಟ್ಟಿರುವುದು. ಇಲ್ಲದಿದ್ದರೆ ಒಂದರ ಕೊಳೆ ಇನ್ನೊಂದಕ್ಕೆ ಹೋಗುತ್ತದೆ. ಮುಚ್ಚಳ ತೆಗೆದು, ಕಿಡಿ ಹಾರದಂತೆ ಅರ್ತಿಂಗ್ ಕ್ಲಿಪ್ ಸಿಕ್ಕಿಸಿ, ಮೀಟರಿನ ಟೇಪನ್ನು ನಿಧಾನಕ್ಕೆ ಬಿಡಬೇಕು. ತುದಿಯಲ್ಲಿರುವ ಕಡ್ಡಿ ಯಾವ ದ್ರವ ಮುಟ್ಟಿದರೂ ಕೂಗುತ್ತದೆ. ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಪೆಟ್ರೋಲಿನಲ್ಲಿ ಹರಿಯುವುದಿಲ್ಲ. ಅದರ ಮೇಲೆ ಎರಡನ್ನೂ ಗುರುತಿಸುತ್ತದೆ. ಪೆಟ್ರೋಲಿಗೆ ಒಂದೇ ಸಮ ಕುಂಯ್ ಅನ್ನುತ್ತದೆ, ನೀರಿಗೆ ಬಿಟ್ಟು ಬಿಟ್ಟು ಬೀಪ್. ಪೆಟ್ರೋಲ್ ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ಹಾಗಾಗಿ ಕುಂಯ್ ಶುರುವಾದ ಜಾಗದಿಂದ ಬೀಪ್ ಶುರುವಾಗುವ ಜಾಗದವರೆಗೆ ತೇಲುವ ಪೆಟ್ರೋಲಿನ ದಪ್ಪ. ಮಿಲಿಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಆಮೇಲೆ ಟೇಪ್ ಸುತ್ತುತ್ತಾ ಹತ್ತಿ ಬಟ್ಟೆಯಲ್ಲಿ ಒರೆಸಿ, ಕಡ್ಡಿಯನ್ನು ಸೋಪಿನ ನೀರಲ್ಲಿ ತೊಳೆದು, ಒಳ್ಳೆ ನೀರಲ್ಲಿ ಅದ್ದಿ, ಮುಂದಿನ ಬೋರ್‌ಗೆ. ಆ ಬೆಳಗಿನ ನಿಶ್ಶಬ್ದದಲ್ಲಿ, ಕಣ್ಣಿಗೆ ಕಾಣದ ನೆಲದೊಳಗಿನ ಸುದ್ದಿಯನ್ನು ಕಿವಿಯಲ್ಲಿ ಕೇಳುವುದು ನನಗೆ ತುಂಬಾ ಇಷ್ಟದ ಕೆಲಸ. ಮಗಳೂ ಜೊತೆಗೆ ಬಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ.

ಇಲ್ಲಿಗೇ ನಿಲ್ಲಿಸಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ.

2024ರ ಬೇಸಿಗೆ ನೆನಪಿದೆಯಲ್ವಾ, ಬೆಂಗಳೂರಿನ ಎಷ್ಟೋ ಬೋರ್‌ಗಳು ಬತ್ತಿದ್ದು? ಆ ಏಪ್ರಿಲ್‌ನಲ್ಲಿ ಬಂಕಿನ ಹಿಂಬದಿಯ ಬೋರ್‌ನಲ್ಲಿ ಪೆಟ್ರೋಲ್ 41 ಮಿಲಿಮೀಟರ್ ಇತ್ತು. ಅಕ್ಟೋಬರ್‌ನಲ್ಲಿ ಮಳೆ ಜೋರಾಗಿ ಬಂತು. ಅಳೆದರೆ ಬರೀ ಬೀಪ್, ಸೊನ್ನೆ. ಮಾರಿದವರಿಗೆ ಫೋನ್ ಮಾಡಿದೆ. "ಬೀಪ್ ಮಾತ್ರ ಬಂದ್ರೆ ನೀರು ಕ್ಲೀನ್ ಸಾರ್" ಎಂದರು. ನಂಬಿಬಿಟ್ಟೆ. ನೇರ ಅಜ್ಜಿ ಮನೆಗೆ ಹೋಗಿ, "ಎಣ್ಣೆ ಹೋಯ್ತಜ್ಜಿ, ಇನ್ನು ಪಾತ್ರೆ ತೊಳೆಯೋಕೆ ಬಾವಿ ನೀರು ತಗೊಳ್ಳಿ" ಎಂದೆ.

ಅದೇ ತಿಂಗಳು ಲ್ಯಾಬಿಗೂ ನೀರು ಕಳಿಸಿದ್ದೆ. ಹಿಂಬದಿಯ ಬೋರ್‌ನಲ್ಲಿ ಬೆಂಜೀನ್ ಲೀಟರಿಗೆ 140 ಮೈಕ್ರೋಗ್ರಾಂ, ಅಜ್ಜಿಯ ಬಾವಿಯಲ್ಲಿ 22. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 10. ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ನಮ್ಮ ಪೆಟ್ರೋಲಿನಲ್ಲಿ ಅದು ಶೇಕಡಾ 1ರವರೆಗೆ ಇರಬಹುದು. ಅಂದರೆ ಒಂದು ಲೀಟರ್ ಪೆಟ್ರೋಲಿನ ಬೆಂಜೀನ್ 8 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು.

ಆಗಿದ್ದಿಷ್ಟು. ನೀರಿನ ಮಟ್ಟ ಏರಿದಾಗ ಪೆಟ್ರೋಲ್ ಮಣ್ಣಿನ ಕಣಗಳ ಸಂದಿಯಲ್ಲಿ, ನೀರಿನ ಕೆಳಗೆ ಸಿಕ್ಕಿಹಾಕಿಕೊಂಡಿತು. ಬೋರ್ ಒಳಗೆ ತೇಲಿ ಬರಲಿಲ್ಲ. ಅಲ್ಲೇ ಕೂತು ಸ್ವಲ್ಪ ಸ್ವಲ್ಪವೇ ನೀರಿಗೆ ಕರಗುತ್ತಿತ್ತು. ಕರಗಿದ್ದನ್ನು ಈ ಮೀಟರ್ ಹಿಡಿಯುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಮಟ್ಟ ಇಳಿದಾಗ ಮತ್ತೆ ಕುಂಯ್ ಅಂತು, 9 ಮಿಲಿಮೀಟರ್. ಅಜ್ಜಿ ಮನೆಗೆ ಎರಡನೇ ಸಲ ಹೋಗಿ "ಬೇಡ ಅಜ್ಜಿ" ಎಂದು ಹೇಳಿದ ಆ ಸಂಜೆ ನನಗೆ ಇನ್ನೂ ಮರೆತಿಲ್ಲ. ಕರಗಿದ್ದು ಇದಕ್ಕೆ ಸಿಗುವುದಿಲ್ಲ ಎಂಬ ಒಂದು ಮಾತನ್ನು ಮಾರುವವರು ಮೊದಲೇ ಹೇಳಬೇಕಿತ್ತು.

ಮೀಟರ್ ಕೆಟ್ಟದ್ದಲ್ಲ. ಬ್ಯಾಟರಿ ಬಿಟ್ಟರೆ ಇದುವರೆಗೆ ಏನೂ ಬದಲಾಯಿಸಿಲ್ಲ. ಕಡ್ಡಿಗೆ ಜಿಡ್ಡು ಹತ್ತಿದರೆ ಮಾತ್ರ ನೀರಲ್ಲೂ ಕುಂಯ್ ಅನ್ನುತ್ತದೆ. ತೊಳೆದು ಇನ್ನೊಮ್ಮೆ ಇಳಿಸಿ. ಆದರೆ ಕೊಳ್ಳುವ ಬಂಕಿನವರು ವರ್ಷಕ್ಕೆ ನಾಲ್ಕು ಸಲ ಲ್ಯಾಬ್ ಪರೀಕ್ಷೆಯ ದುಡ್ಡನ್ನು ಮೊದಲು ಎತ್ತಿಡಿ. ಅದಕ್ಕೆ ಆಗದಿದ್ದರೆ ಮೀಟರ್ ಬೇಡ, ಪರೀಕ್ಷೆಯನ್ನೇ ಮಾಡಿಸಿ. ನೀರು ತುಂಬುವ 40 ಮಿಲಿಲೀಟರ್ ಗಾಜಿನ ಶೀಶೆಯಲ್ಲಿ ಒಂದು ಗುಳ್ಳೆಯೂ ಇರಬಾರದು, ಬೆಂಜೀನ್ ಆ ಗಾಳಿಗೆ ಹಾರುತ್ತದೆ. ಬೋರಲು ಮಾಡಿ ತಟ್ಟಿ ನೋಡಿ, ಐಸ್ ಪೆಟ್ಟಿಗೆಯಲ್ಲಿಟ್ಟು ಕಳಿಸಿ.

ಈ ಸಲದ ರಿಪೋರ್ಟ್‌ನಲ್ಲಿ ಅಜ್ಜಿಯ ಬಾವಿ 8ಕ್ಕೆ ಬಂದಿದೆ. ಇನ್ನೆರಡು ಸಲ ಹತ್ತರೊಳಗೆ ಬರುವವರೆಗೆ ಬೆಳಿಗ್ಗೆ ಎರಡು ಕ್ಯಾನ್ ನೀರು ಅವರ ಮನೆಗೆ ಹೋಗುತ್ತಿರುತ್ತದೆ.