ವೇವರ್‌ಟ್ರೀ ಹಡಗಿನ ಮೇಲೆ ಭಾನುವಾರದ ಹಾಡು: ಡಬ್ಬಿಗೆ ಹತ್ತು ಡಾಲರ್ ಹಾಕಬಹುದಾ?

ನ್ಯೂಯಾರ್ಕಿಗೆ ಬರುವ ನೆಂಟರು ಲಿಬರ್ಟಿ ಪ್ರತಿಮೆ, ಟೈಮ್ಸ್ ಸ್ಕ್ವೇರ್ ನೋಡಿ ಸುಸ್ತಾದ ಮೇಲೆ ನಾನು ಅವರನ್ನು ಸೌತ್ ಸ್ಟ್ರೀಟ್ ಸೀಪೋರ್ಟಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿನ ಪಿಯರ್ 16 ಅನ್ನುವ ಧಕ್ಕೆಯಲ್ಲಿ ವೇವರ್‌ಟ್ರೀ ಅನ್ನುವ ಹಾಯಿಹಡಗು ನಿಂತಿದೆ. ಅಲ್ಲಿನ ಮ್ಯೂಸಿಯಂನವರು ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಅದರ ಮೇಲೆ ಹಾಡಿನ ಕೂಟ ನಡೆಸುತ್ತಾರೆ. ಹಳೇ ಕಾಲದ ಖಲಾಸಿಗಳ ಕೆಲಸದ ಹಾಡು, ಅಂದರೆ ಶ್ಯಾಂಟಿ. ನ್ಯೂಯಾರ್ಕ್ ಪ್ಯಾಕೆಟ್ ಅನ್ನುವ ತಂಡದವರು ಶುರು ಮಾಡುತ್ತಾರೆ, ಬಂದವರೆಲ್ಲ ದನಿ ಕೂಡಿಸುತ್ತಾರೆ. ಡಬ್ಬಿಗೆ ದುಡ್ಡು ಹಾಕುವುದು ನಿಮ್ಮಿಷ್ಟ.

ಮೊದಲು ಹಡಗಿನ ವಿಷಯ. ನನ್ನ ಪ್ರಕಾರ ಇಲ್ಲಿ ನಿಜವಾದ ಕಲಾವಿದೆ ಅವಳೇ. 1885ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಕಟ್ಟಿದ್ದು. ಮೈಯೆಲ್ಲ ಕಬ್ಬಿಣ, ಮೂರು ಕಂಬ. ಮುಂದೆ ಚಾಚಿದ ಕಂಬವೂ ಸೇರಿ 325 ಅಡಿ ಉದ್ದ. ಮೊದಲು ಹೊತ್ತ ಸರಕು ಏನು ಗೊತ್ತಾ? ನಮ್ಮ ಬಂಗಾಳದ ಸೆಣಬು. ಅಲ್ಲಿಂದ ಸ್ಕಾಟ್ಲೆಂಡಿಗೆ, ಗೋಣಿಚೀಲಕ್ಕೂ ಹಗ್ಗಕ್ಕೂ. ಆಮೇಲೆ ಸಿಕ್ಕಿದ ಸರಕು ಹೊತ್ತು ದೇಶದೇಶ ಸುತ್ತಿದಳು. 1910ರಲ್ಲಿ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಹತ್ತಿರ ಬಿರುಗಾಳಿಗೆ ಕಂಬ ಮುರಿಯಿತು. ಮಾಲೀಕರು ರಿಪೇರಿ ಮಾಡಿಸುವ ಗೋಜಿಗೆ ಹೋಗಲಿಲ್ಲ. ಚಿಲಿಯ ಪುಂಟಾ ಅರೇನಾಸ್‌ನಲ್ಲಿ ತೇಲುವ ಗೋದಾಮು ಆದಳು. ಕೊನೆಗೆ ಬ್ಯೂನಸ್ ಐರಿಸ್‌ನಲ್ಲಿ ಮರಳು ಹೊರುವ ದೋಣಿ. 1966ರಲ್ಲಿ ಕಾರ್ಲ್ ಕೋರ್ಟಮ್ ಎಂಬಾತನ ಕಣ್ಣಿಗೆ ಬಿದ್ದಳು. ಈತ ಸ್ಯಾನ್ ಫ್ರಾನ್ಸಿಸ್ಕೋದ ಹಡಗು ಮ್ಯೂಸಿಯಂ ಕಟ್ಟಿದವನು. 1968ರಲ್ಲಿ ಸೌತ್ ಸ್ಟ್ರೀಟಿನ ಮ್ಯೂಸಿಯಂನವರು ಕೊಂಡರು, 1970ರಲ್ಲಿ ಇಲ್ಲಿಗೆ ಎಳೆದು ತಂದರು.

ಇನ್ನು ಹಾಡು. ಇದು ಕಛೇರಿ ಅಂದುಕೊಂಡು ಹೋದರೆ ನಿರಾಸೆ ಆಗುತ್ತದೆ. ಮೈಕಿನ ಅಬ್ಬರ, ಲೈಟು ಏನೂ ಇಲ್ಲ. ಜಾಸ್ತಿ ಹಾಡುಗಳಿಗೆ ವಾದ್ಯವೂ ಇಲ್ಲ. ಒಬ್ಬರು ಸಾಲು ಎತ್ತುತ್ತಾರೆ, ಉಳಿದವರು ಪಲ್ಲವಿ ಹೊಡೆಯುತ್ತಾರೆ. ನಮ್ಮ ಮಲ್ಪೆ ಕಡೆ ರಂಪಣಿ ಬಲೆ ಎಳೆಯುವಾಗ ಒಬ್ಬ ಕೂಗಿದ್ದಕ್ಕೆ ದಡದ ಮೇಲಿನ ಸಾಲೆಲ್ಲ 'ಐಸಾ' ಅಂತಿತ್ತಲ್ಲ, ಹಾಗೆ. ಅಲ್ಲಿ ಯಂತ್ರದ ಪರ್ಸೀನ್ ಬೋಟು ಬಂದು ರಂಪಣಿ ಮೂಲೆ ಸೇರಿತು. ಇಲ್ಲಿ ಹಬೆ ಹಡಗು ಬಂದು ಶ್ಯಾಂಟಿ ಮೂಲೆ ಸೇರಿತು. ಯಂತ್ರಕ್ಕೆ ತಾಳ ಬೇಡ ನೋಡಿ.

ಸ್ವಲ್ಪ ಗಮನ ಕೊಟ್ಟು ಕೇಳಿದರೆ ಯಾವ ಹಾಡು ಯಾವ ಕೆಲಸಕ್ಕೆ ಅಂತ ಕಿವಿಗೇ ಗೊತ್ತಾಗುತ್ತದೆ. ಹಾಯಿ ಮೇಲೇರಿಸುವ ಹಾಡಿನ ಪಲ್ಲವಿಯಲ್ಲಿ ಎರಡು ಕಡೆ ಒತ್ತು ಬೀಳುತ್ತದೆ. ಆ ಒತ್ತಿಗೆ ಎಲ್ಲರೂ ಒಟ್ಟಿಗೆ ಹಗ್ಗ ಜಗ್ಗಬೇಕು. ನಡುವಿನ ಒಂಟಿ ಸಾಲು ಉಸಿರು ತೆಗೆದುಕೊಳ್ಳಲು. ಲಂಗರು ಎತ್ತುವ ಹಾಡು ಬೇರೆ. ಅಲ್ಲಿ ತಿರುಗಣೆಯ ಸುತ್ತ ಕೋಲು ನೂಕುತ್ತಾ ನಡೆಯುತ್ತಲೇ ಇರಬೇಕು, ಹಾಗಾಗಿ ಒಂದೇ ಸಮನೆ ನಡಿಗೆಯ ಲಯ, ಉದ್ದುದ್ದ ಪಲ್ಲವಿ. ನೀರು ಹೊರಹಾಕುವ ಪಂಪಿನ ಹಾಡಂತೂ ಮುಗಿಯುವುದೇ ಇಲ್ಲ. ಸೋರುವ ಹಡಗಿನಲ್ಲಿ ಕೆಲಸ ಮುಗಿದರೆ ತಾನೇ! ಇವುಗಳಲ್ಲಿ ಎಷ್ಟೋ ಹಾಡು ಕೆರಿಬಿಯನ್ನಿನ ಮತ್ತು ಅಮೆರಿಕದ ದಕ್ಷಿಣದ ಬಂದರುಗಳಲ್ಲಿ ಸರಕು ತುಂಬುತ್ತಿದ್ದ ಕಪ್ಪು ಕೂಲಿಯವರಿಂದ ಬಂದವು. 2021ರ ಜನವರಿಯಲ್ಲಿ ಟಿಕ್‌ಟಾಕ್‌ನಲ್ಲಿ ಶ್ಯಾಂಟಿ ಹುಚ್ಚು ಹಬ್ಬಿದಾಗ ಆ ಮಾತು ಅಷ್ಟಾಗಿ ಕೇಳಲಿಲ್ಲ. ನಮ್ಮ ದೇಶದಲ್ಲಿ ಟಿಕ್‌ಟಾಕೇ ಬ್ಯಾನ್ ಆಗಿತ್ತು, ಅದು ಬೇರೆ ಮಾತು.

ಹಾಡು ಬರದಿದ್ದರೂ ಚಿಂತೆ ಇಲ್ಲ. ಎರಡು ಸುತ್ತಿಗೆ ಪಲ್ಲವಿ ಬಾಯಿಗೆ ಬರುತ್ತದೆ. ಶ್ರುತಿ ಸೇರದಿದ್ದರೂ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಎರಡು ಗಂಟೆ ಪೂರ್ತಿ ಕೇಳಲು ನನಗೆ ಆಗಲ್ಲ. ಕೆಲಸಕ್ಕೆ ಹುಟ್ಟಿದ ಹಾಡನ್ನು ಸುಮ್ನೆ ನಿಂತು ಕೇಳುತ್ತಿದ್ದರೆ ಸ್ವಲ್ಪ ಹೊತ್ತಿಗೆ ಎಲ್ಲ ಒಂದೇ ಥರ ಅನ್ನಿಸುತ್ತದೆ. ಆಗ ಎದ್ದು ಹಡಗು ಸುತ್ತಿ ಬನ್ನಿ. ಸರಕು ತುಂಬುವ ಒಡಲನ್ನು ತಪ್ಪದೇ ನೋಡಿ. ಅದರ ಮುಂದೆ ನಿಂತಾಗ ಸೆಣಬಿನ ಮೂಟೆಗಳ ಲೆಕ್ಕ ತಲೆಗೆ ಹತ್ತುತ್ತದೆ.

ಈಗ ದುಡ್ಡಿನ ವಿಷಯ. ಹಾಡಿ, ಡಬ್ಬಿಗೆ ಬಿದ್ದ ದುಡ್ಡಿನಲ್ಲಿ ಹಡಗು ಉಳಿಸಬಹುದಾ? 2015–16ರಲ್ಲಿ ವೇವರ್‌ಟ್ರೀಯನ್ನು ಸ್ಟೇಟನ್ ಐಲೆಂಡಿನ ಡ್ರೈ ಡಾಕಿಗೆ, ಅಂದರೆ ಹಡಗನ್ನು ನೀರಿನಿಂದ ಹೊರಗಿಟ್ಟು ರಿಪೇರಿ ಮಾಡುವ ಕಟ್ಟೆಗೆ, ಒಯ್ದು 16 ತಿಂಗಳು ರಿಪೇರಿ ಮಾಡಿದರು. ಖರ್ಚು 1 ಕೋಟಿ 30 ಲಕ್ಷ ಡಾಲರ್. ಕೊಟ್ಟಿದ್ದು ನ್ಯೂಯಾರ್ಕ್ ನಗರ. ತಿಂಗಳಿಗೆ ನೂರು ಜನ ಬಂದು ತಲಾ ಹತ್ತು ಡಾಲರ್ ಹಾಕಿದರೂ ಅಷ್ಟು ಕೂಡಲು ಸಾವಿರ ವರ್ಷ ದಾಟುತ್ತದೆ. ಪಕ್ಕದಲ್ಲೇ 1975ರಿಂದ ನಿಂತಿದ್ದ ಪೀಕಿಂಗ್ ಅನ್ನುವ 1911ರ ಜರ್ಮನ್ ಹಡಗಿನ ಕಥೆ ನೋಡಿ. ಅದನ್ನು ಸಾಕುವ ದುಡ್ಡು ಇಲ್ಲಿ ಹೊಂದಲಿಲ್ಲ. 2017ರಲ್ಲಿ ಜರ್ಮನಿಗೆ ವಾಪಸ್ ಹೋಯಿತು. ಅಲ್ಲಿನ ಸರ್ಕಾರದ ಹಣದಲ್ಲಿ ಹೊಸ ಜೀವ ಪಡೆದು ಈಗ ಹ್ಯಾಂಬರ್ಗಿನಲ್ಲಿದೆ.

ಹಾಗಂತ ಹಾಡಿನ ದುಡ್ಡು ಲೆಕ್ಕಕ್ಕಿಲ್ಲ ಅನ್ನಲೂ ಆಗಲ್ಲ. ಅಮೆರಿಕದ ಜನಪದ ಹಾಡುಗಾರ ಪೀಟ್ ಸೀಗರ್ ಹಡ್ಸನ್ ನದಿಯ ಕೊಳಕಿನ ಕಡೆ ಜನರ ಕಣ್ಣು ತಿರುಗಿಸಲು ಹಳೇ ನಮೂನೆಯ ಕ್ಲಿಯರ್‌ವಾಟರ್ ಹಡಗು ಕಟ್ಟಿಸಿದ್ದು ಊರೂರಲ್ಲಿ ಹಾಡಿ ದುಡ್ಡು ಎತ್ತಿಯೇ. 1969ರಲ್ಲಿ ಮೇನ್ ರಾಜ್ಯದಲ್ಲಿ ನೀರಿಗಿಳಿದ ಆ ಹಡಗು ದಾರಿಯುದ್ದಕ್ಕೂ ಕಛೇರಿ ಕೊಡುತ್ತಾ ಬಂದು ಸೇರಿದ್ದು ಇದೇ ಸೌತ್ ಸ್ಟ್ರೀಟಿಗೆ. ಅದು ಚಿಕ್ಕ ಹಡಗು, ಹಾಡುವವನು ದೊಡ್ಡ ಹೆಸರಿನವನು, ಲೆಕ್ಕ ಕೂಡಿಬಂತು. ವೇವರ್‌ಟ್ರೀಯ ಮಟ್ಟಿಗೆ ಡಬ್ಬಿಯ ದುಡ್ಡು ಬಣ್ಣಕ್ಕೆ, ಹಗ್ಗಕ್ಕೆ ಆದೀತು. ಉಪ್ಪುಗಾಳಿಯಲ್ಲಿ ಕಬ್ಬಿಣ ತುಕ್ಕು ಹಿಡಿಯದ ದಿನವಿಲ್ಲ, ಸ್ವಯಂಸೇವಕರು ಕೆರೆದು ಬಣ್ಣ ಬಳಿಯುತ್ತಲೇ ಇರಬೇಕು. ಕೋಟಿಗಳ ಕೆಲಸಕ್ಕೆ ನಗರದ ಖಜಾನೆಯೇ ಬೇಕು. ಆದರೆ ಆ ಖಜಾನೆ ಬಾಗಿಲು ತೆರೆಯಬೇಕಾದರೆ 'ಇದು ನಮ್ಮ ಹಡಗು' ಅನ್ನುವ ಜನ ಊರಲ್ಲಿರಬೇಕಲ್ವಾ? ಪಲ್ಲವಿಗೆ ದನಿ ಕೂಡಿಸಿದವರು ಹಾಗೆ ಅನ್ನುವ ಸಾಧ್ಯತೆ ಜಾಸ್ತಿ. ಟಿಕೆಟ್ ಕೊಂಡು ಬೋರ್ಡು ಓದಿ ಹೋದವರಿಗೆ ಆ ಹಕ್ಕು ಅನ್ನಿಸುವುದಿಲ್ಲ.

ಹಾಗಾಗಿ ಹತ್ತು ಡಾಲರ್ ಹಾಕಿ. ಆ ಧಕ್ಕೆಯ ಸುತ್ತಮುತ್ತ ಊಟಕ್ಕೆ ಕೂತರೆ ಅದರ ಮೂರರಷ್ಟು ಆಗುತ್ತದೆ. ಮನೆಯಿಂದಲೇ ಚಿತ್ರಾನ್ನ ಕಟ್ಟಿಕೊಂಡು ಹೋಗಿ, ಪಿಯರ್ ಮೇಲೆ ಕೂತು ಬ್ರೂಕ್ಲಿನ್ ಸೇತುವೆ ನೋಡುತ್ತಾ ತಿನ್ನಿ.

ಜೆರ್ಸಿ ಕಡೆಯವರು ಪಾಥ್ ರೈಲಿನಲ್ಲಿ ವರ್ಲ್ಡ್ ಟ್ರೇಡ್ ಸೆಂಟರಿಗೆ ಬಂದು ಫುಲ್ಟನ್ ಸ್ಟ್ರೀಟ್ ಹಿಡಿದು ನೇರ ನಡೆದರೆ ಸಾಕು, ರಸ್ತೆ ಹೆಚ್ಚುಕಡಿಮೆ ಹಡಗಿನ ಹತ್ತಿರವೇ ಬಿಡುತ್ತದೆ. ನದಿಯ ಗಾಳಿ ಜೋರು, ಬೇಸಿಗೆ ಬಿಟ್ಟು ಬೇರೆ ದಿನಗಳಲ್ಲಿ ಜಾಕೆಟ್ ಬೇಕೇ ಬೇಕು. ಹವಾಮಾನ ನೋಡಿ ಜಾಗ ಬದಲಾಗಬಹುದು, ಹೊರಡುವ ಮುಂಚೆ ಮ್ಯೂಸಿಯಂನ ವೆಬ್‌ಸೈಟ್ ನೋಡಿ. ಹಾಡಿಗೆ ನನ್ನ ಕಡೆಯಿಂದ ಮೂರೂವರೆ ಸ್ಟಾರ್, ಹಡಗಿಗೆ ಐದು. ಮಂಡಿನೋವಿನ ಹಿರಿಯರಿದ್ದರೆ ಡೆಕ್ಕಿನಲ್ಲೇ ಕೂರಿಸಿ, ಒಳಗಿನ ಏಣಿ ಕಡಿದು.