ಒಂದು ಸೆಮಿಸ್ಟರ್ ಜರ್ಮನಿಗೆ: ಬಿ.ಎಚ್. ರಸ್ತೆಯ ಸಲಹಾ ಕೇಂದ್ರ ಹೇಗಿದೆ?

ತುಮಕೂರಿನ ಈ ಕೇಂದ್ರಕ್ಕೆ ಐದರಲ್ಲಿ ಮೂರು ಅಂಕ. ಡಿಗ್ರಿ ನಡುವೆ ಹೋಗಿಬರುವವರಿಗೆ ವೀಸಾ ಕೆಲಸದಲ್ಲಿ ಇವರು ಗಟ್ಟಿಗರು. 90 ದಿನ ಮೀರಿದರೆ ಅಲ್ಪಾವಧಿಯ ಷೆಂಗೆನ್ ವೀಸಾ ಸಾಲದು, ಜರ್ಮನಿಯ ರಾಷ್ಟ್ರೀಯ ವೀಸಾ ಬೇಕು. ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಲು ಬಿಡುವ ಬ್ಲಾಕ್ಡ್ ಅಕೌಂಟ್‌ಗೆ ತಿಂಗಳಿಗೆ 992 ಯೂರೋ (2024ರಲ್ಲಿ ನಿಗದಿಯಾದ ಮೊತ್ತ) ಲೆಕ್ಕದಲ್ಲಿ ದುಡ್ಡು ಕಟ್ಟಬೇಕು. ಇದನ್ನೆಲ್ಲ ಮೊದಲ ದಿನವೇ ಬಿಡಿಸಿ ಹೇಳುತ್ತಾರೆ. ಕಾಗದಪತ್ರ ಜೋಡಿಸಿಕೊಡುವುದೂ ಅಚ್ಚುಕಟ್ಟು.

ಎಡವುವುದು ಕ್ರೆಡಿಟ್ (ಓದಿನ ಹೊರೆಯ ಅಳತೆ) ವಿಷಯದಲ್ಲಿ. ಅಲ್ಲಿ ಸೆಮಿಸ್ಟರ್‌ಗೆ 30 ಇಸಿಟಿಎಸ್ (ಯುರೋಪಿನ ಕ್ರೆಡಿಟ್). ಒಂದೊಂದಕ್ಕೂ 25ರಿಂದ 30 ಗಂಟೆ, ಮನೆಯ ಓದೂ ಸೇರಿ. ನಮ್ಮಲ್ಲಿ ಒಂದು ಕ್ರೆಡಿಟ್ ಎಂದರೆ ಸುಮಾರು 15 ಗಂಟೆ ಪಾಠ. ಅಂಕಿಗೆ ಅಂಕಿ ಹೊಂದುವುದಿಲ್ಲ. ಹಾಗಾಗಿ ಯಾವ ವಿಷಯಕ್ಕೆ ಯಾವುದು ಸಮ ಎಂದು ಬರೆದ ಲರ್ನಿಂಗ್ ಅಗ್ರಿಮೆಂಟ್‌ಗೆ ವಿಭಾಗ ಮುಖ್ಯಸ್ಥರ ಸಹಿ, ಪರೀಕ್ಷಾ ವಿಭಾಗದ ಲಿಖಿತ ಒಪ್ಪಿಗೆ ಹೊರಡುವ ಮುಂಚೆಯೇ ಆಗಿರಬೇಕು. ಇಲ್ಲವಾದರೆ ಅಲ್ಲಿ ಪಾಸಾದ ವಿಷಯವನ್ನೇ ಇಲ್ಲಿ ಮತ್ತೆ ಬರೆಯಬೇಕಾದೀತು! ಕೇಂದ್ರದವರು ಇದನ್ನು ‘ಕಾಲೇಜಿನವರು ನೋಡ್ಕೋತಾರೆ’ ಎಂದು ಬಿಟ್ಟುಬಿಡುತ್ತಾರೆ. ಎರಡು ಅಂಕ ಕಳೆದದ್ದು ಇದಕ್ಕೇ.

ಡಿಗ್ರಿಯ ಒಂದು ಭಾಗ ಇಲ್ಲಿ, ಒಂದು ಭಾಗ ವಿದೇಶಿ ವಿಶ್ವವಿದ್ಯಾಲಯದಲ್ಲಿ ಓದುವ ಟ್ವಿನಿಂಗ್ ಕೋರ್ಸ್ ಆಗಿದ್ದರೆ, ಯುಜಿಸಿಯ 2022ರ ನಿಯಮದಂತೆ ವಿದೇಶದ ಕ್ರೆಡಿಟ್ ಒಟ್ಟಿನ ಶೇ 30 ಮೀರುವಂತಿಲ್ಲ. ಇದನ್ನೂ ನೀವೇ ಕೆದಕಿ ಕೇಳಬೇಕು.